ಹಳೇ ಅಂಬಾಸಿಡರ್‌ಗೆ ಹಜಾರ್ಡ್ ಲೈಟ್: ಬೇರೆ ಫ್ಲಾಷರ್ರೋ, ಏಳು ಪಿನ್ನಿನ ಸ್ವಿಚ್ಚೋ?

ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸೋ ಸೌಲಭ್ಯ) ಇಲ್ಲದೆ ಬಂದ ಹಳೇ ಅಂಬಾಸಿಡರ್‌ಗೆ ಇಂಡಿಕೇಟರ್ ವೈರಿಂಗ್ ಕತ್ತರಿಸದೆ, ಪಕ್ಕದಲ್ಲೇ ಬೇರೆ ಫ್ಲಾಷರ್ (ದೀಪಕ್ಕೆ ಕರೆಂಟು ಬಿಟ್ಟು ಬಿಟ್ಟು ಕೊಡೋ ಸಾಧನ) ಮತ್ತು ಎರಡು ಪೋಲಿನ ಸ್ವಿಚ್ (ಒಂದೇ ಗುಂಡಿಯಿಂದ ಎರಡು ಬೇರೆ ಬೇರೆ ಲೈನು ಕೂಡಿಸೋದು) ಕೂರಿಸೋದೇ ಸರಿ ಅನ್ನೋದು ನನ್ನ ಪಕ್ಷ. ಉಳಿದ ದಾರಿಗಳನ್ನೂ ಹಾಕಿ ನೋಡಿ ಹೇಳ್ತಿರೋ ಮಾತು ಇದು. ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೂ ಬಹುತೇಕ ಇದೇ ಲೆಕ್ಕ, ವೈರಿನ ಬಣ್ಣ ಮಾತ್ರ ಬೇರೆ.

ನಾಲ್ಕೂ ದೀಪ ಒಟ್ಟಿಗೆ ಮಿನುಗೋದು ನಮ್ಮ ಕಡೆ ಶೋಕಿ ಅಲ್ಲ. ತೋರಣಗಲ್ಲಿನ ಕಡೆಯಿಂದ ಬರೋ ಅದಿರು ಲಾರಿ ಹಿಂದೆ ಧೂಳಿನಲ್ಲಿ ಗಾಡಿ ಬದಿಗೆ ಹಾಕಿದರೆ, ಅಥವಾ ಹಿಟ್ನಾಳ ದಾಟಿ ಕುಷ್ಟಗಿ ರಸ್ತೆಯಲ್ಲಿ ರಾತ್ರಿ ಟೈರ್ ಹೋದರೆ, ಅಂಬಾಸಿಡರ್‌ನ ಸಣ್ಣ ಟೇಲ್ ಲೈಟು ಹಿಂದಿನವನಿಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ.

ಎಲ್ಲಾ ದಾರಿಗೂ ಒಂದೇ ಲೆಕ್ಕ ಬೇಕು. ಇಂಡಿಕೇಟರ್ ಬಲ್ಬು 21 ವ್ಯಾಟ್. 12 ವೋಲ್ಟಿನಲ್ಲಿ ಒಂದು ಬಲ್ಬು 1.75 ಆಂಪ್ ಎಳೆಯುತ್ತೆ, ಒಂದು ಬದಿಗೆ ಎರಡು ಬಲ್ಬು ಅಂದರೆ 3.5. ನಾಲ್ಕೂ ಹತ್ತಿದರೆ 84 ವ್ಯಾಟ್, 7 ಆಂಪ್. ಪಕ್ಕದ ರೆಕ್ಕೆಯ (ಮಡ್ಗಾರ್ಡಿನ) ಮೇಲೆ 5 ವ್ಯಾಟಿನ ಸಣ್ಣ ದೀಪಗಳಿದ್ದರೆ ಹತ್ತಿರ ಹತ್ತಿರ 8. ಹಳೇ ಡಬ್ಬಿ ಫ್ಲಾಷರ್ 42 ವ್ಯಾಟಿಗೆ ಮಾಡಿದ್ದು. ಅದರೊಳಗೆ ಕರೆಂಟಿಗೆ ಕಾಯೋ ತಂತಿ ಇದೆ. ಇಮ್ಮಡಿ ಕರೆಂಟು ಹರಿದರೆ ಬೇಗ ಕಾದು ಟಿಕಟಿಕ ಅಂತ ಓಡುತ್ತೆ, ಸ್ವಲ್ಪ ಹೊತ್ತಿಗೆ ಕಾಂಟ್ಯಾಕ್ಟ್ ಸುಟ್ಟುಕೊಳ್ಳುತ್ತೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಿದರೆ ಸರಿ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್ ಹಿಂದಿನ ಡಬ್ಬಿ ಫ್ಲಾಷರ್ ಬೆಳಗ್ಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು ವೇಗ ತೋರಿಸುತ್ತೆ. ಅದು ಕೆಟ್ಟಿದೆ ಅಂತಲ್ಲ, ಅದರ ಸ್ವಭಾವವೇ ಹಾಗೆ.

ಮೊದಲು ಅಗ್ಗದ ಉಪಾಯ ಮುಗಿಸಿಬಿಡೋಣ. ಎಡ ಬಲದ ವೈರುಗಳ ನಡುವೆ ಒಂದು ಸಾದಾ ಸ್ವಿಚ್ ಹಾಕಿ, ಇಂಡಿಕೇಟರ್ ಕಡ್ಡಿಯನ್ನ ಯಾವುದಾದರೂ ಕಡೆಗೆ ಎಳೆದರೆ ನಾಲ್ಕೂ ಮಿನುಗುತ್ತೆ ಅಂತ ಹತ್ತು ನಿಮಿಷದಲ್ಲಿ ಮಾಡಿಕೊಡೋರಿದ್ದಾರೆ. ಕೀ ಆನ್ ಇರಬೇಕು, ಕಡ್ಡಿ ಎಳೆದಿರಬೇಕು, ಅದೇ ಹಳೇ ಫ್ಲಾಷರ್ ಇಮ್ಮಡಿ ಹೊರೆ ಹೊರಬೇಕು. ಇಂಜಿನ್ ನಿಂತು ಕೀ ಆನ್ ಇಟ್ಟುಕೊಂಡರೆ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡೋದು) ಕಾಯುತ್ತೆ. ಬೇಡ.

ಬೈಕಿಗೆ ಅಂತ ಮಾರೋ ಸಣ್ಣ ಹಜಾರ್ಡ್ ಮಾಡ್ಯೂಲ್ ಕೂಡ ಬೇಡ. ಬೈಕಿನ ಇಂಡಿಕೇಟರ್ 10 ವ್ಯಾಟು, ನಾಲ್ಕು ಸೇರಿ 40. ಅದಕ್ಕೆ ತಕ್ಕ ಡಯೋಡು (ಕರೆಂಟನ್ನ ಒಂದೇ ಕಡೆಗೆ ಬಿಡೋದು), ಅದಕ್ಕೆ ತಕ್ಕ ಕೂದಲೆಳೆ ವೈರು. 84 ವ್ಯಾಟು ಹರಿಸಿದರೆ ಕೈ ಇಡೋಕಾಗದಷ್ಟು ಬಿಸಿ. ಜೊತೆಗೆ ಪಟಪಟ ಅಂತ ಬೇರೆ ಬೇರೆ ತಾಳದಲ್ಲಿ ಹೊಡೆಯೋ ಆಟ. ಹೆದ್ದಾರಿಯಲ್ಲಿ ನಿಂತಿರೋದು ಗಾಡಿಯೋ, ಜಾತ್ರೆ ಮೆರವಣಿಗೆಯೋ ಗೊತ್ತಾಗಬಾರದಾ? ನನ್ನದು ಡ್ರಾವರ್‌ನಲ್ಲಿದೆ, ಬೇಕಾದವರು ಸ್ಕೂಟರ್‌ಗೆ ಹಾಕಿಕೊಳ್ಳಬಹುದು.

ನಿಜವಾದ ಪೈಪೋಟಿ ಇರೋದು ಏಳು ಪಿನ್ನಿನ ಹಜಾರ್ಡ್ ಸ್ವಿಚ್ಚಿಗೆ. ಸಿಂಧನೂರು, ಗಂಗಾವತಿಯಂಥ ಭತ್ತದ ಊರುಗಳಲ್ಲಿ ಟ್ರ್ಯಾಕ್ಟರ್ ಸ್ಪೇರ್ ಅಂಗಡಿಗೇನೂ ಬರವಿಲ್ಲ, ಅಲ್ಲಿ ಕೇಳಿದರೆ ಸಿಗುತ್ತೆ. ಪಿನ್ನಿನ ಪಕ್ಕ 15, 30, 49, 49ಎ, ಎಲ್, ಆರ್ ಅಂತ ಅಚ್ಚು ಇರುತ್ತೆ, ಏಳನೆಯದು ಒಳಗಿನ ದೀಪದ್ದು. 15 ಕೀ ಲೈನು, 30 ನೇರ ಬ್ಯಾಟರಿ, 49 ಫ್ಲಾಷರ್‌ಗೆ ಹೋಗೋದು, 49ಎ ಫ್ಲಾಷರ್‌ನಿಂದ ಬರೋದು. ಆಫ್ ಇದ್ದಾಗ 15 ಮತ್ತು 49 ಕೂಡಿರುತ್ತವೆ, ಅಂದರೆ ಇಂಡಿಕೇಟರ್ ಮಾಮೂಲಿನಂತೆ ಕೀ ಮೇಲೆ ನಡೆಯುತ್ತೆ. ಆನ್ ಮಾಡಿದರೆ 15 ಬಿಟ್ಟು 30 ಹಿಡಿದು, 49ಎ ಜೊತೆ ಎಡ ಬಲ ಎರಡೂ ಕೂಡುತ್ತವೆ. ಫ್ಲಾಷರ್ ಒಂದೇ ಸಾಕು, ನಾಲ್ಕು ಬಲ್ಬಿನ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿದರೆ ಆಯ್ತು. ಕಾಗದದ ಮೇಲೆ ಇದಕ್ಕಿಂತ ಚೆಂದ ಇನ್ನೊಂದಿಲ್ಲ.

ತೊಡಕು ಇರೋದು ಆ 15ರಲ್ಲಿ. ಅಂಬಾಸಿಡರ್‌ನ ವೈರಿಂಗ್ ಲ್ಯೂಕಾಸ್ ಕಂಪನಿಯ ಬಣ್ಣದ ಪದ್ಧತಿಯದ್ದು: ಫ್ಯೂಸ್ ಪೆಟ್ಟಿಗೆಯ ಎ4 (ಕೀ ಹಾಕಿದಾಗ ಫ್ಯೂಸ್ ದಾಟಿ ಕರೆಂಟು ಬರೋ ಜಾಗ) ಇಂದ ಹಸಿರು ವೈರು ಫ್ಲಾಷರ್‌ನ ಬಿ ಪಿನ್ನಿಗೆ (ಕರೆಂಟು ಒಳಬರೋ ಪಿನ್ನು) ಹೋಗುತ್ತೆ. ಏಳು ಪಿನ್ನಿನ ಸ್ವಿಚ್ ಕೆಲಸ ಮಾಡಬೇಕಾದರೆ ಈ ಹಸಿರನ್ನು ಫ್ಲಾಷರ್‌ನಿಂದ ಬಿಡಿಸಿ ಸ್ವಿಚ್ಚಿನ 15ಕ್ಕೆ ತರಲೇಬೇಕು, 49ರಿಂದ ಹೊಸ ವೈರು ಫ್ಲಾಷರ್‌ಗೆ ಎಳೆಯಲೇಬೇಕು. ಆದರೆ ಹಸಿರು ವೈರು ಗಿಡ್ಡ, ಡ್ಯಾಶ್ ಹಿಂದೆ ಕೈ ಹೋಗಲ್ಲ, ಹಳೇ ಪ್ಲಾಸ್ಟಿಕ್ ಬಗ್ಗಿಸಿದರೆ ಬಿರುಕು ಬಿಡುತ್ತೆ. ಹಾಗಾಗಿ ವೈರಿಂಗ್ ಮಾಡೋರು ಅದನ್ನ ಇದ್ದಲ್ಲೇ ಬಿಟ್ಟು, ಸ್ವಿಚ್ಚಿನ ಮೂಲಕ ಬ್ಯಾಟರಿ ಲೈನನ್ನು ಅದೇ ಬಿ ಪಿನ್ನಿಗೆ ಜೋಡಿಸಿಬಿಡ್ತಾರೆ. ಹಜಾರ್ಡ್ ಮಿನುಗುತ್ತೆ, ಎಲ್ಲರೂ ಖುಷಿ.

ಈಗ ಕೀ ತೆಗೆದು ಹಜಾರ್ಡ್ ಹಾಕಿ. ಬ್ಯಾಟರಿಯಿಂದ ಬಂದ ಕರೆಂಟು ಬಿ ಪಿನ್ನಿಗೆ ಬಂದು ಅಲ್ಲೇ ನಿಲ್ಲಲ್ಲ. ಹಸಿರು ವೈರಿನಲ್ಲಿ ಹಿಮ್ಮುಖವಾಗಿ ಎ4ಕ್ಕೆ ಹೋಗುತ್ತೆ, ಫ್ಯೂಸ್ ದಾಟಿ ಎ3ಕ್ಕೆ, ಅಲ್ಲಿಂದ ಬಿಳಿ ವೈರು ಹಿಡಿದು ಇಗ್ನಿಷನ್ ಸ್ವಿಚ್ಚಿಗೆ, ಕಾಯಿಲಿಗೆ. ಕೀ ಜೇಬಲ್ಲಿದ್ದರೂ ಗಾಡಿ ಪೂರ್ತಿ ಆನ್. ವೈಪರ್ ಓಡುತ್ತೆ, ಬ್ರೇಕ್ ಲೈಟ್ ಹತ್ತುತ್ತೆ, ಪೆಟ್ರೋಲ್ ಮುಳ್ಳು ಏಳುತ್ತೆ. ಇಂಜಿನ್ ಓಡ್ತಿರುವಾಗ ಹಜಾರ್ಡ್ ಹಾಕಿ ಕೀ ತಿರುಗಿಸಿದರೆ ಇಂಜಿನ್ ನಿಲ್ಲೋದೇ ಇಲ್ಲ. ನಿಂತ ಇಂಜಿನ್ನಿನಲ್ಲಿ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗಿನ ಕಾಂಟ್ಯಾಕ್ಟು) ಮುಚ್ಚಿಕೊಂಡಿದ್ದರೆ ಸುಮಾರು 3 ಓಮ್‌ನ ಕಾಯಿಲ್ ಸುಮ್ಮನೆ 4 ಆಂಪ್ ಕುಡೀತಾ ಕೂರುತ್ತೆ. ಅರ್ಧ ಗಂಟೆ ಟೈರ್ ಬದಲಿಸಿ ಬರೋಷ್ಟರಲ್ಲಿ ಕಾಯಿಲ್ ಮುಟ್ಟೋಕಾಗಲ್ಲ, ಪಾಯಿಂಟ್ ಮೇಲೆ ಕಲೆ ಬಿದ್ದಿರುತ್ತೆ. ಆಮೇಲೆ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಕಾರ್ಬುರೇಟರ್ ಬಿಚ್ಚೋಕೆ ಶುರು ಮಾಡ್ತಾರೆ.

ಹಿಡಿಯೋದು ಸುಲಭ. ಕೀ ತೆಗೆದು ಹಜಾರ್ಡ್ ಹಾಕಿ ಡ್ಯಾಶ್ ನೋಡಿ. ಚಾರ್ಜಿಂಗಿನ ಕೆಂಪು ದೀಪ ಹತ್ತಿದರೆ ಅಥವಾ ಪೆಟ್ರೋಲ್ ಮುಳ್ಳು ಅಲುಗಿದರೆ ಕರೆಂಟು ಹಿಂದಕ್ಕೆ ಹೋಗ್ತಿದೆ. ಸ್ವಿಚ್ ಕೊಳ್ಳುವಾಗಲೇ ಮಲ್ಟಿಮೀಟರ್ ಇಟ್ಟು ನೋಡಿ: ಆಫ್‌ನಲ್ಲಿ 15–49 ಬೀಪ್ ಆಗಬೇಕು, ಆನ್‌ನಲ್ಲಿ 30–49 ಆಗಬೇಕು, ಗುಂಡಿಯನ್ನ ನಿಧಾನಕ್ಕೆ ಒತ್ತುವಾಗ ನಡುವೆ ಎಲ್ಲೂ 15 ಮತ್ತು 30 ಕೂಡಬಾರದು. ಹಸಿರು ವೈರಿನಲ್ಲಿ ಡಯೋಡ್ ಹಾಕಿದರೆ ಆಗಲ್ವಾ ಅಂತ ಕೇಳೋರಿದ್ದಾರೆ. ಆಗುತ್ತೆ, ಆದರೆ ಮುಕ್ಕಾಲು ವೋಲ್ಟ್ ಅಲ್ಲೇ ಹೋಗುತ್ತೆ. ಐಡ್ಲಿಂಗಿನಲ್ಲಿ ಡೈನಮೋ ಏನೂ ಕೊಡದ ಗಾಡಿಗೆ ಆ ಮುಕ್ಕಾಲು ವೋಲ್ಟ್ ದೊಡ್ಡದು, ಇಂಡಿಕೇಟರ್ ಮಂಕಾಗಿ ನಿಧಾನ ಹೊಡೆಯುತ್ತೆ.

ಸರಿಯಾಗಿ ವೈರ್ ಮಾಡಿದರೂ ಏಳು ಪಿನ್ನಿಗೆ ಇನ್ನೊಂದು ಕೊರತೆ ಉಳಿಯುತ್ತೆ, ನಮ್ಮ ಕಡೆ ಇದೇ ಮುಖ್ಯ. ಮಾಮೂಲಿ ಇಂಡಿಕೇಟರ್‌ನ ಕರೆಂಟೆಲ್ಲ ಈಗ ಹಜಾರ್ಡ್ ಸ್ವಿಚ್ಚಿನ 15–49 ಕಾಂಟ್ಯಾಕ್ಟ್ ದಾಟಿ ಹೋಗಬೇಕು. ಸಂಡೂರಿನ ಕೆಂಪು ಧೂಳು ಕಿಟಕಿ ಗಾಜು ಏರಿಸಿದ್ದರೂ ಒಳಗೆ ಬರುತ್ತೆ. ತಿಂಗಳುಗಟ್ಟಲೆ ಮುಟ್ಟದ ಸ್ವಿಚ್ಚಿನ ಕಾಂಟ್ಯಾಕ್ಟಿನ ಮೇಲೆ ಪೊರೆ ಕಟ್ಟಿದರೆ ಇದ್ದ ಇಂಡಿಕೇಟರ್ರೂ ಹೋಯ್ತು. ವರ್ಷಕ್ಕೆ ಎರಡು ಸಲ ಬೇಕಾಗೋ ಸೌಲಭ್ಯಕ್ಕೆ ದಿನಾ ಬೇಕಾದ್ದನ್ನ ಒತ್ತೆ ಇಟ್ಟ ಹಾಗೆ.

ಬೇರೆ ಫ್ಲಾಷರ್ ದಾರಿಯಲ್ಲಿ ಇದ್ಯಾವುದೂ ಇಲ್ಲ. ಬ್ಯಾಟರಿ ಲೈನಿನಿಂದ ಹೊರಟ ಹೊಸ ವೈರಿಗೆ ಗೇಣುದ್ದದೊಳಗೆ 15 ಆಂಪ್ ಫ್ಯೂಸ್, ಅಲ್ಲಿಂದ 2.5 ಚದರ ಮಿಲಿಮೀಟರ್ ವೈರಿನಲ್ಲಿ ಹೊಸ ಫ್ಲಾಷರ್, ಅದರ ಔಟ್‌ಪುಟ್ ಎರಡು ಪೋಲಿನ ಸ್ವಿಚ್ಚಿನ ಎರಡೂ ಇನ್‌ಪುಟ್ಟಿಗೆ. ಒಂದು ಪೋಲಿನಿಂದ 1.5ರ ವೈರು ಎಡಕ್ಕೆ, ಇನ್ನೊಂದರಿಂದ ಬಲಕ್ಕೆ. ಎರಡು ಪೋಲು ಯಾಕೆ ಅಂದರೆ, ಒಂದೇ ಪೋಲಿಗೆ ಎಡ ಬಲ ಎರಡನ್ನೂ ಕಟ್ಟಿದರೆ ಅವು ಕಾಯಂ ಕೂಡಿಕೊಂಡು, ಎಡಕ್ಕೆ ಕಡ್ಡಿ ಎಳೆದರೂ ನಾಲ್ಕೂ ಮಿನುಗುತ್ತೆ.

ಫ್ಲಾಷರ್ ಮೇಲೆ 4×21 ವ್ಯಾಟ್ ಅಂತ ಇರಬೇಕು. ಮೂರು ಪಿನ್ನಿನ ಎಲೆಕ್ಟ್ರಾನಿಕ್ ಆದರೆ 49ಕ್ಕೆ ಬ್ಯಾಟರಿ, 49ಎ ಔಟ್‌ಪುಟ್, 31 ಗಾಡಿಯ ಬಾಡಿಗೆ (ಅರ್ತ್). ಡೈನಮೋ ಕಾಲದ ಗಾಡಿಯಾದರೆ ಮೊದಲು ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ನೋಡಿ. ಪ್ಲಸ್ ಬಾಡಿಗೆ ಹೋಗಿದ್ದರೆ ಎಲೆಕ್ಟ್ರಾನಿಕ್ ಹಾಕಬೇಡಿ, ಎರಡು ಪಿನ್ನಿನ ಹೆವಿ ಡ್ಯೂಟಿ ಡಬ್ಬಿ ಫ್ಲಾಷರ್ ಯಾವ ಕಡೆ ಕೊಟ್ಟರೂ ನಡೆಯುತ್ತೆ. ಸ್ವಿಚ್ ಕೊಳ್ಳುವಾಗ ಮನೆ ವೈರಿಂಗ್ ಅಂಗಡಿಗೆ ಹೋಗಬೇಡಿ. 230 ವೋಲ್ಟ್ ಎಸಿಗೆ 6 ಆಂಪ್ ಅಂತ ಬರೆದದ್ದು 12 ವೋಲ್ಟ್ ಡಿಸಿಯಲ್ಲಿ ತಣ್ಣನೆ ಫಿಲಮೆಂಟು ಒಮ್ಮೆಲೆ ಎಳೆಯೋ ಕರೆಂಟಿಗೆ ತಾಳುತ್ತೆ ಅನ್ನೋ ಹಾಗಿಲ್ಲ.

ಎಡ ಬಲ ವೈರುಗಳಿಗೆ ಸೇರಿಸೋ ಜಾಗ ಸ್ಟೀರಿಂಗ್ ಕೊಳವೆಯ ಕೆಳಗಿನ ಬುಲೆಟ್ (ತೋಳಿನೊಳಗೆ ಒತ್ತಿ ಕೂರಿಸೋ ಗುಂಡು ತುದಿಯ) ಕನೆಕ್ಟರ್‌ಗಳು. ಹಸಿರು-ಕೆಂಪು ಎಡ, ಹಸಿರು-ಬಿಳಿ ಬಲ. ಲೂಮ್ (ವೈರುಗಳ ಕಟ್ಟು) ಬದಲಾಗಿರೋ ಗಾಡಿಯಲ್ಲಿ ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ಇಟ್ಟು ಕಡ್ಡಿ ಎಳೆದು ನೋಡಿ. ಒಂಟಿ ತೋಳು ತೆಗೆದು ಎರಡು ಜೋಡಿ ಬುಲೆಟ್ ಹಿಡಿಯೋ ತೋಳು ಹಾಕಿದರೆ ಹೊಸ ವೈರು ಪಕ್ಕದಲ್ಲಿ ಸೇರಿಕೊಳ್ಳುತ್ತೆ, ಹಳೇದಕ್ಕೆ ಕತ್ತರಿ ಬೀಳಲ್ಲ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಗಾಡಿ ಮೂಲ ರೂಪದಲ್ಲಿರಬೇಕು ಅನ್ನುತ್ತೆ. ಅಂಥ ಗಾಡಿಯಾದರೆ ಬೇಕಾದಾಗ ಕಾಲು ಗಂಟೆಯಲ್ಲಿ ಬಿಚ್ಚಿ ಇಡಬಹುದಾದ ಕೆಲಸಕ್ಕೆ ಬೆಲೆ ಇದೆ.

ಇದರಲ್ಲೂ ಕಿರಿಕಿರಿ ಇಲ್ಲದಿಲ್ಲ. ಹಜಾರ್ಡ್ ಇದ್ದಾಗ ಕಡ್ಡಿ ನಡುವೆ ಇರಬೇಕು, ಎಳೆದರೆ ಎರಡು ಫ್ಲಾಷರ್ ಒಂದಕ್ಕೊಂದು ಜಗಳವಾಡಿ ತಾಳ ತಪ್ಪುತ್ತೆ. ಇನ್ನು, ಎಡ ಬಲ ವೈರುಗಳ ನಡುವೆ ಒಂದೇ ಪೈಲಟ್ ಬಲ್ಬು (ಇಂಡಿಕೇಟರ್ ನಡೀತಿದೆ ಅಂತ ಒಳಗೆ ತೋರಿಸೋ ದೀಪ) ಕಟ್ಟಿದ ಗಾಡಿಯಲ್ಲಿ ಹಜಾರ್ಡ್ ಹಾಕಿದರೆ ಆ ಬಲ್ಬು ಹತ್ತಲ್ಲ. ಮಾಮೂಲಿನಲ್ಲಿ ಅದು ಒಂದು ಬದಿಯಿಂದ ಕರೆಂಟು ಪಡೆದು ಎದುರು ಬದಿಯ ಬಲ್ಬಿನ ಮೂಲಕ ಅರ್ತ್ ಆಗುತ್ತೆ. ಎರಡೂ ಬದಿಗೆ ಒಟ್ಟಿಗೆ ಕರೆಂಟು ಬಂದರೆ ಅದಕ್ಕೆ ಅರ್ತೇ ಇಲ್ಲ. ಕೆಟ್ಟಿದೆ ಅಂತ ಬಲ್ಬು ಬದಲಿಸುತ್ತಾ ಕೂರಬೇಡಿ, ಸ್ವಿಚ್ಚಿನ ಔಟ್‌ಪುಟ್ ಒಂದರಿಂದ 2 ವ್ಯಾಟಿನ ಪ್ರತ್ಯೇಕ ಬಲ್ಬು ಎಳೆದುಕೊಳ್ಳಿ.

ಎಲ್‌ಇಡಿ ಬಲ್ಬು ಹಾಕಿದ್ದರೆ ಡಬ್ಬಿ ಫ್ಲಾಷರ್ ಮಿನುಗೋದೇ ಇಲ್ಲ, ಎಲ್‌ಇಡಿಗೆ ಮಾಡಿದ್ದೇ ಬೇಕು.

ಯಾವ ದಾರಿ ಹಿಡಿದರೂ ಅರ್ತ್ ಶುಚಿ ಮಾಡದೆ ಮುಗಿಯಲ್ಲ. ಹಜಾರ್ಡ್ ಜೊತೆಗೆ ಟೇಲ್ ಲೈಟೂ ಮಿಣಮಿಣ ಅಂದರೆ ಹಿಂದಿನ ದೀಪದ ತಳಕ್ಕೂ ಬಾಡಿಗೂ ಸಂಪರ್ಕ ಹೋಗಿದೆ ಅಂತ ಅರ್ಥ. ದೀಪ ಹತ್ತಿರುವಾಗ ಅದರ ತಳಕ್ಕೂ ಬ್ಯಾಟರಿಯ ಅರ್ತ್ ಕಂಬಕ್ಕೂ ಮೀಟರ್ ಹಿಡಿಯಿರಿ, 0.2 ವೋಲ್ಟ್ ದಾಟಿದರೆ ಬಿಚ್ಚಿ, ಲೋಹ ಹೊಳೆಯೋವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ವ್ಯಾಸಲೀನ್ ಸವರಿ.

ದುಡ್ಡಿನ ಮಾತಿಗೆ ಬಂದರೆ ಫ್ಲಾಷರ್, ಸ್ವಿಚ್, ಫ್ಯೂಸ್ ಹೋಲ್ಡರ್, ವೈರು, ತೋಳುಗಳು ಸೇರಿ ಸಾವಿರ ರೂಪಾಯಿಯೊಳಗೆ ಆಗುತ್ತೆ. ಏಳು ಪಿನ್ನಿನದೂ ಸಾಮಾನಿನಲ್ಲಿ ಅಷ್ಟೇ, ಆದರೆ ಡ್ಯಾಶ್ ಬಿಚ್ಚೋ ಕೂಲಿ ಸೇರುತ್ತೆ. ಲೂಮ್ ಪೂರ್ತಿ ಹೊಸದಾಗಿ ಕಟ್ಟಿಸುತ್ತಿರೋರು, ಗಾಡಿ ದಿನಾ ಓಡಿಸೋರು, ಹೊಸ ಕಾರಿನ ಥರ ಒಂದೇ ಗುಂಡಿ ಬೇಕು ಅನ್ನೋರು ಅದನ್ನೇ ಹಾಕಿಸಿಕೊಳ್ಳಲಿ, ಹಸಿರು ವೈರು ನಿಜವಾಗಿ 15ಕ್ಕೆ ಹೋಗಿದೆಯಾ ಅಂತ ಎದುರಿಗೆ ನಿಂತು ನೋಡಲಿ. ಭಾನುವಾರ ಹೊಸಪೇಟೆವರೆಗೆ ಹೋಗಿ ಬರೋ, ಉಳಿದ ದಿನ ಶೆಡ್ಡಿನಲ್ಲಿ ನಿಲ್ಲೋ ಗಾಡಿಗೆ ನನಗೆ ಅದು ಬೇಡ.

ಬ್ಯಾಟರಿ ಭಯವೂ ಬೇಡ. ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಅಂದರೆ ಸರಾಸರಿ 4 ಆಂಪಿಗಿಂತ ಕಡಿಮೆ. 40 ಆಂಪ್-ಗಂಟೆಯ ಒಳ್ಳೇ ಬ್ಯಾಟರಿ ಒಂದು ಗಂಟೆ ಮಿನುಗಿದ ಮೇಲೂ ಸ್ಟಾರ್ಟರ್ ತಿರುಗಿಸುತ್ತೆ. ಮೂರು ಗಂಟೆ ಕಾಯಬೇಕಾದ ಜಾಗವಾದರೆ ಹಜಾರ್ಡ್ ಜೊತೆಗೆ ಪ್ರತಿಫಲಕ ತ್ರಿಕೋನವನ್ನೂ ಹಿಂದೆ ಇಡಿ. ಅದಕ್ಕೆ ಬ್ಯಾಟರಿಯೂ ಬೇಡ, ಅರ್ತೂ ಬೇಡ.