ಬಿಸಿಯಾದರೆ ನಿಲ್ಲುವ ಹಳೆಯ ಕಾರಿಗೆ ಚಿಂಚವಾಡದ ಒಂದು ಗ್ಯಾರೇಜು

ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೆಯ ಮಾರುತಿ 800 ಇಟ್ಟುಕೊಂಡಿರುವ ಪುಣೆಯ ಕನ್ನಡಿಗರಿಗೆ, ಚಿಂಚವಾಡದಲ್ಲಿ ವಿಜಯಪುರದ ಕಡೆಯವರೊಬ್ಬರು ನಡೆಸುತ್ತಿರುವ ಸಣ್ಣ ಗ್ಯಾರೇಜನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ನಮ್ಮ ಗಾಡಿ ಬೆಳಿಗ್ಗೆ ಸಲೀಸಾಗಿ ಚಾಲೂ ಆಗಿ, ಎಂಜಿನ್ ಪೂರ್ತಿ ಕಾದ ಮೇಲೆ ಸಿಗ್ನಲ್ಲಿನಲ್ಲಿ ಏಕಾಏಕಿ ನಿಂತುಬಿಡುತ್ತಿತ್ತು. ತಣ್ಣಗಾದರೆ ಏನೂ ಆಗದಂತೆ ಮತ್ತೆ ಓಡುತ್ತಿತ್ತು. ಬೇರೊಂದು ಕಡೆ ಕಾರ್ಬುರೇಟರ್ ತೊಳೆದು, ಫ್ಯುಯೆಲ್ ಪಂಪ್ ಬದಲಿಸಿ ಹಣ ಪಡೆದರೂ ದೋಷ ಹಾಗೆಯೇ ಉಳಿದಿತ್ತು.

ಇಲ್ಲಿಯ ಮಾಲೀಕರು ಮೊದಲಿಗೆ ಯಾವ ಭಾಗವನ್ನೂ ಬಿಚ್ಚಲಿಲ್ಲ. ರೇಡಿಯೇಟರ್ ಫ್ಯಾನ್ ತಿರುಗುವವರೆಗೂ ಎಂಜಿನ್ ಓಡಿಸಿ, ಅದು ನಿಂತ ಕೂಡಲೇ ಪ್ಲಗ್ ವೈರಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಸೆಲ್ಫ್ ಹೊಡೆಸಿದರು. ಕಿಡಿಯೇ ಇರಲಿಲ್ಲ. "ಪೆಟ್ರೋಲ್ ಬರಾಕತ್ತೈತ್ರೀ, ಕರೆಂಟ್ ಬರವಲ್ದು" ಎಂದು, ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲನ್ನು ಬಿಸಿಯಿದ್ದಾಗಲೇ ಮೀಟರಿನಿಂದ ಅಳೆದರು. ಒಳಗಿನ ತೆಳು ತಂತಿಯ ಸುತ್ತು ಬಿಸಿಗೆ ಹಿಗ್ಗಿ, ತುಂಡಾದ ಜಾಗದಲ್ಲಿ ಸಂಪರ್ಕ ಕಳೆದುಕೊಂಡು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುವುದರಿಂದ ತಣ್ಣಗಿರುವಾಗ ಅಳೆದರೆ ದೋಷ ಕಾಣುವುದಿಲ್ಲ ಎಂಬುದನ್ನು ಬಿಸಿಯಿದ್ದಾಗಿನ ಮತ್ತು ತಣ್ಣಗಾದ ಮೇಲಿನ ಎರಡೂ ಅಳತೆ ತೋರಿಸಿ ವಿವರಿಸಿದರು. ಇಂಥ ತಾಳ್ಮೆ ಈಗ ಅಪರೂಪ.

ಕಾಯಿಲ್ ಬದಲಿಸಿದ ಮೇಲೆ ಮೇ ತಿಂಗಳ ಬಿಸಿಲಿನಲ್ಲಿ ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಏರಿದರೂ ಗಾಡಿ ನಿಂತಿಲ್ಲ. ಬಿಲ್ಲಿನ ಜೊತೆ ಹಳೆಯ ಕಾಯಿಲನ್ನೂ ಕೈಗೆ ಕೊಟ್ಟರು. ಕೂರಲು ಜಾಗವಿಲ್ಲ, ಭಾನುವಾರ ರಜೆ. ದೋಷ ಬಿಸಿಯಲ್ಲಷ್ಟೇ ಕಾಣಿಸುವಂಥದ್ದಾದರೆ ಗಾಡಿಯನ್ನು ಅರ್ಧ ದಿನ ಅಲ್ಲಿಯೇ ಬಿಡಬೇಕಾಗುತ್ತದೆ.