ವಂಶವಾಹಿ ರಕ್ತಪರೀಕ್ಷೆ: ಸಮಾಲೋಚನೆ ಉತ್ತಮ, ವರದಿಯ ಕೊನೆಯ ಪುಟ ಬೇಡವಾಗಿತ್ತು

ಒಮ್ಮೆಯೂ ಬೀಡಿ, ಸಿಗರೇಟು ಮುಟ್ಟದ ನನ್ನ ತಾಯಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾದಾಗ, ಗೆಡ್ಡೆಯ ಬಯಾಪ್ಸಿಯಲ್ಲಿ, ಜೀವಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಇಜಿಎಫ್‌ಆರ್ ವಂಶವಾಹಿಯ ಎರಡು ಬದಲಾವಣೆಗಳು ಕಂಡುಬಂದವು: ಎಲ್858ಆರ್ ಮತ್ತು ಟಿ790ಎಂ. ಎರಡನೆಯದು ಸಾಮಾನ್ಯವಾಗಿ ಇಜಿಎಫ್‌ಆರ್ ಅನ್ನು ತಡೆಯುವ ಜೆಫಿಟಿನಿಬ್‌ನಂತಹ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಗೆಡ್ಡೆಯಲ್ಲಿ ಕಾಣಿಸಿಕೊಳ್ಳುವಂಥದ್ದು. ಒಂದು ಮಾತ್ರೆಯನ್ನೂ ನುಂಗುವ ಮೊದಲೇ ಕಂಡರೆ, ಅದು ಹುಟ್ಟಿನಿಂದಲೇ ಬಂದಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಒಂದೇ ಕುಟುಂಬದ ಹಲವರಲ್ಲಿ ಅದು ಇಳಿದುಬಂದದ್ದು 2005ರಲ್ಲೇ ವರದಿಯಾಗಿದೆ. ಹೀಗಾಗಿ ವೈದ್ಯರ ಸಲಹೆಯಂತೆ ಬೆಂಗಳೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಹೋದೆವು.

ಅಲ್ಲಿನ ಆಪ್ತಸಮಾಲೋಚಕಿಯ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ರಕ್ತ ತೆಗೆಯುವ ಮೊದಲು ಅವರು ಪೆನ್ಸಿಲ್ ಹಿಡಿದು ಮೂರು ತಲೆಮಾರಿನ ವಂಶವೃಕ್ಷ ಬರೆದರು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆಗೆರೆ. "ನಿಮ್ಮ ಸೋದರಮಾವ ಯಾವ ಕಾಯಿಲೆಯಿಂದ ಹೋದರು ಅಮ್ಮ?" ಎಂದು ಕೇಳಿ, ಉತ್ತರ ಬರುವವರೆಗೂ ಕಾದರು. ಬದಲಾವಣೆ ಗೆಡ್ಡೆಯಲ್ಲಿ ಮಾತ್ರ ಇದ್ದರೆ ಮಕ್ಕಳಿಗೆ ಸಾಗುವುದಿಲ್ಲವೆಂದೂ, ರಕ್ತದಲ್ಲೂ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50 ಎಂದೂ ಅಮ್ಮನಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು. ನೇರಳೆ ಮುಚ್ಚಳದ ಒಂದು ಟ್ಯೂಬು ರಕ್ತ ಕೊಟ್ಟು ಬಂದೆವು. ಮೂರು ವಾರದ ನಂತರ ಬಂದ ಫಲಿತಾಂಶದ ಪ್ರಕಾರ ರಕ್ತದಲ್ಲಿ ಟಿ790ಎಂ ಇರಲಿಲ್ಲ.

ನನ್ನ ಆಕ್ಷೇಪವಿರುವುದು ವರದಿಯ ಕೊನೆಯ ಪುಟದ ಬಗ್ಗೆ. ನಾವು ಕೇಳದಿದ್ದರೂ, ಹಲವು ಸಣ್ಣ ಆನುವಂಶಿಕ ವ್ಯತ್ಯಾಸಗಳನ್ನು ಕೂಡಿಸಿ ಕಾಯಿಲೆ ಮುಂದೆ ಹೇಗೆ ಸಾಗುತ್ತದೆ ಎಂಬುದಕ್ಕೆ ಕೆಂಪು ಬಣ್ಣದಲ್ಲಿ ಒಂದು ಅಂಕ ಮುದ್ರಿಸಿದ್ದರು. ಯಾವ ಜನರನ್ನು ಅಧ್ಯಯನ ಮಾಡಿ ಆ ಅಂಕಕ್ಕೆ ಬಂದರು ಎಂಬ ವಿವರವೇ ಅಲ್ಲಿರಲಿಲ್ಲ. ಇದು ಸಣ್ಣ ಲೋಪವಲ್ಲ. ಇಜಿಎಫ್‌ಆರ್ ಮಾತ್ರೆಗಳ ಪ್ರಯೋಜನವನ್ನು ಬೇಗ ಮುಗಿಸಬಹುದೆಂದು 2012ರಲ್ಲಿ ಗುರುತಿಸಿದ, ಜೀವಕೋಶ ಸಾಯಲು ನೆರವಾಗುವ ಬಿಮ್ ವಂಶವಾಹಿಯ ಒಂದು ಅಳಿಕೆ (ಅದರ ಒಂದು ತುಣುಕು ಇಲ್ಲದಿರುವುದು) ಪೂರ್ವ ಏಷ್ಯಾದವರಲ್ಲಿ ಸುಮಾರು ಶೇ. 12ರಷ್ಟು ಜನರಲ್ಲಿದ್ದು, ಯುರೋಪಿನ ಮೂಲದವರಲ್ಲಿ ಕಂಡುಬರಲಿಲ್ಲ. ಅಂದಮೇಲೆ ಒಂದು ಜನಸಮುದಾಯದ ಲೆಕ್ಕವನ್ನು ಇನ್ನೊಂದಕ್ಕೆ ಹೇಗೆ ಹಚ್ಚುವುದು? ಇದಕ್ಕಿಂತ ನೋವಾದದ್ದು, ವರದಿ ನೇರವಾಗಿ ಅಮ್ಮನ ಮೊಬೈಲಿಗೆ ಹೋದದ್ದು. ಯಾರೂ ವಿವರಿಸುವ ಮೊದಲೇ ಆ ಕೆಂಪು ಅಂಕವನ್ನು ಅವರು ಒಬ್ಬರೇ ಕೂತು ಓದಿದ್ದರು. ಕಾಯಿಲೆಯ ಹಂತ, ಔಷಧಕ್ಕೆ ಗೆಡ್ಡೆ ಸ್ಪಂದಿಸುವ ರೀತಿ ಇವೇ ಮುಖ್ಯವೆಂದೂ, ಗೆಡ್ಡೆಯಲ್ಲಿ ಟಿ790ಎಂ ಇದ್ದರೂ ಕೆಲಸ ಮಾಡುವ ಒಸಿಮರ್ಟಿನಿಬ್ ಎಂಬ ಮಾತ್ರೆ ಇದೆಯೆಂದೂ ವೈದ್ಯರು ಹೇಳುವವರೆಗೆ ಅವರು ಸರಿಯಾಗಿ ಊಟ ಮಾಡಲಿಲ್ಲ.

ವೈದ್ಯರು ಬರೆದುಕೊಟ್ಟಿದ್ದರೆ ಈ ಪರೀಕ್ಷೆಯನ್ನು ಖಂಡಿತ ಮಾಡಿಸಿ, ಸಮಾಲೋಚನೆಯನ್ನು ತಪ್ಪಿಸಬೇಡಿ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಆ ಅಂಕದ ಪುಟ ಬೇಡವೆಂದೂ, ವರದಿ ಮೊದಲು ವೈದ್ಯರಿಗೆ ತಲುಪಬೇಕೆಂದೂ ಬರೆಸಿ.