ಒಂದೇ ಈಜುಕೊಳ, ಮೂರು ಪಂಪ್

ನಮ್ಮ ಈಜುಕೊಳ ಸುಮಾರು 50,000 ಲೀಟರಿನದು. ಅದರ ನೀರನ್ನು ಫಿಲ್ಟರ್ ಮೂಲಕ ತಿರುಗಿಸಲು ಇಲ್ಲಿಯವರೆಗೆ ಮೂರು ಬಗೆಯ ಪಂಪ್ ಕೂರಿಸಿ ನೋಡಿದ್ದೇನೆ: ಒಂದೇ ಸ್ಪೀಡಿನದು, ಎರಡು ಸ್ಪೀಡಿನದು, ಈಗ ವೇರಿಯಬಲ್ ಸ್ಪೀಡಿನದು, ಅಂದರೆ ವೇಗವನ್ನು ನಮಗೆ ಬೇಕಾದಷ್ಟಕ್ಕೆ ಹೊಂದಿಸಬಹುದಾದದ್ದು. ಪೈಪ್, ಸ್ಯಾಂಡ್ ಫಿಲ್ಟರ್ ಎಲ್ಲಾ ಹಳೆಯವೇ.

ಮೊದಲನೆಯದು ಒಂದೂವರೆ ಎಚ್‌ಪಿ. 1,500 ವ್ಯಾಟ್ ಎಳೆದು ಗಂಟೆಗೆ 18,000 ಲೀಟರ್ ತಳ್ಳುತ್ತಿತ್ತು. ದಿನಕ್ಕೆ 6 ಗಂಟೆ ಓಡಿದರೆ 9 ಯೂನಿಟ್. ಶಬ್ದದ ಮಾತಂತೂ ಬೇಡ, ಪಕ್ಕದಲ್ಲಿ ನಿಂತು ಫೋನ್ ಎತ್ತುವ ಹಾಗಿರಲಿಲ್ಲ. ಆದರೆ ಪಾಪ, ಅದಕ್ಕೆ ಏನನ್ನೂ ಹೇಳಿಕೊಡಬೇಕಿರಲಿಲ್ಲ. ಸ್ವಿಚ್ ಹಾಕಿದರೆ ಆಯ್ತು.

ಎರಡು ಸ್ಪೀಡಿನದು ತಂದಾಗ ಲೆಕ್ಕ ಅರ್ಥವಾಯಿತು. ಪಂಪಿನ ವೇಗ ಅರ್ಧ ಮಾಡಿದರೆ ನೀರು ಅರ್ಧಕ್ಕಿಳಿಯುತ್ತದೆ, ಒತ್ತಡ ಕಾಲು ಭಾಗಕ್ಕೆ, ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ. ಅಂದರೆ ಕಾಗದದ ಮೇಲೆ 190 ವ್ಯಾಟ್ ಸಾಕು. ನನ್ನ ಮೀಟರ್ ತೋರಿಸಿದ್ದು 400. ಈ ಮಾಮೂಲಿ ಇಂಡಕ್ಷನ್ ಮೋಟರ್ ನಿಧಾನಕ್ಕೆ ಓಡುವಾಗ ಕರೆಂಟ್ ಸುಮ್ನೆ ಹಾಳು ಮಾಡುತ್ತದೆ. ಇನ್ನೊಂದು ಕಿರಿಕಿರಿ, ನಡುವಿನ ಸ್ಪೀಡೇ ಇಲ್ಲ. ತಳ ಗುಡಿಸುವ ಸಕ್ಷನ್ ಕ್ಲೀನರಿಗೆ ಅರ್ಧ ವೇಗ ಸಾಲದು, ಪೂರ್ತಿ ವೇಗ ಜಾಸ್ತಿ. ಬೇರೆ ದಾರಿಯಿಲ್ಲದೆ ಮತ್ತೆ 1,500 ವ್ಯಾಟ್.

ವೇರಿಯಬಲ್ ಪಂಪಿನಲ್ಲಿರುವುದು ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್, ನಿಧಾನಕ್ಕೆ ಓಡುವಾಗಲೂ ಕರೆಂಟ್ ಅಷ್ಟು ಹಾಳು ಮಾಡುವುದಿಲ್ಲ. ಅದೇ ಅರ್ಧ ನೀರಿಗೆ, ಅಂದರೆ 1,400 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು), 230 ವ್ಯಾಟ್ ಸಾಕಾಯಿತು. ಕ್ಲೀನರ್ 2,200ರಲ್ಲೇ ಚೆನ್ನಾಗಿ ಓಡಾಡಿತು, 700 ವ್ಯಾಟಿನ ಆಸುಪಾಸು. ಸದ್ದು ಎಷ್ಟು ಕಮ್ಮಿ ಅಂದರೆ, ಓಡುತ್ತಿದೆಯಾ ಅಂತ ಮೈ ಮುಟ್ಟಿ ನೋಡಿದ್ದೇನೆ.

ಆದರೂ ಮೊದಲ ತಿಂಗಳು ಬಿಲ್ ಅಂದುಕೊಂಡಷ್ಟು ಇಳಿಯಲಿಲ್ಲ. ತಪ್ಪು ನನ್ನದೇ. ಹಳೆಯ ಟೈಮರನ್ನು ತೆಗೆಸಿರಲಿಲ್ಲ. ಅದು ದಿನಕ್ಕೆ ಮೂರು ಸಲ ಕರೆಂಟ್ ಕಿತ್ತು ಕೊಡುತ್ತಿತ್ತು, ಪಂಪ್ ಪ್ರತಿ ಸಲವೂ ಗಾಳಿ ಹೊರಹಾಕಲು ಪೂರ್ತಿ ವೇಗದಲ್ಲಿ ಶುರುವಾಗುತ್ತಿತ್ತು. ಜೊತೆಗೆ ಕಂಪನಿ ಹಾಕಿ ಕಳಿಸಿದ್ದ ಸ್ಪೀಡನ್ನೇ ಬಿಟ್ಟಿದ್ದೆ, ಅದೂ ಜಾಸ್ತಿಯೇ. ಈ ಪಂಪಿಗೆ ಕರೆಂಟ್ ಸದಾ ಇರಬೇಕು, ವೇಳಾಪಟ್ಟಿ ಅದರ ಒಳಗೇ ಹಾಕಬೇಕು. ಎಲೆಕ್ಟ್ರಿಷಿಯನ್ ಬಂದು ಟೈಮರ್ ಬಿಚ್ಚಿದರು, ಅರ್ಥಿಂಗ್ ಪರೀಕ್ಷಿಸಿ ಕರೆಂಟ್ ದಿಢೀರ್ ಏರಿದರೆ ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿದರು. ಒಳಗಿರುವುದು ಸರ್ಕ್ಯೂಟ್ ಬೋರ್ಡ್ ಅಲ್ವಾ, ಹಳೆಯ ಪಂಪಿನಷ್ಟು ಒರಟಲ್ಲ.

ಆಮೇಲೆ ಒಂದು ಸಂಜೆ ಕೂತು ಸರಿಯಾದ ವೇಗ ಹುಡುಕಿದೆ. 1,400ರಿಂದ ನೂರು ನೂರರಂತೆ ಇಳಿಸುತ್ತಾ ಹೋದೆ. 1,100ಕ್ಕೆ ಬಂದಾಗ, ನೀರಿನ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ಕ್ಲೋರಿನೇಟರ್ ನೀರು ಸಾಲದು ಅಂತ ಕೆಂಪು ದೀಪ ಹಚ್ಚಿತು. 1,200ಕ್ಕೆ ಏರಿಸಿದೆ, ಹಸಿರು. ಗೆದ್ದೆ ಅಂದುಕೊಂಡೆ. ವಾರದಲ್ಲಿ ಫಿಲ್ಟರಿಗೆ ಕೊಳೆ ಕಟ್ಟಿತು, ಮತ್ತೆ ಕೆಂಪು. ಈಗ 1,400ರಲ್ಲೇ ನಿಲ್ಲಿಸಿದ್ದೇನೆ.

ಫಿಲ್ಟರಿಗೆ ಕೊಳೆ ಕಟ್ಟಿದೆಯಾ ಅಂತ ತಿಳಿಯಲು ನೋಡುವ ಪ್ರೆಶರ್ ಗೇಜ್ ಕೂಡ ಒಮ್ಮೆ ಹೆದರಿಸಿತು. ನಿಧಾನ ವೇಗದಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ಮಲಗಿರುತ್ತದೆ. ಅದಕ್ಕೇ ಫಿಲ್ಟರ್ ತೊಳೆದ ದಿನ 2,200ರಲ್ಲಿ ಎಷ್ಟಿತ್ತು ಅಂತ ಬರೆದಿಟ್ಟು, ಅದೇ ವೇಗದಲ್ಲಿ ಹೋಲಿಸುತ್ತೇನೆ. ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು, ಮಾತ್ರ ಪೂರ್ತಿ ವೇಗದಲ್ಲೇ, ಇಲ್ಲದಿದ್ದರೆ ಫಿಲ್ಟರಿನ ಮರಳು ಏಳುವುದಿಲ್ಲ.

ಈಗ ದಿನಕ್ಕೆ 10 ಗಂಟೆ 1,400ರಲ್ಲಿ, ಒಂದು ಗಂಟೆ 2,200ರಲ್ಲಿ. ತಿರುಗುವ ನೀರು ಹೆಚ್ಚು ಕಮ್ಮಿ ಮೊದಲಿನಷ್ಟೇ, ಯೂನಿಟ್ ಮಾತ್ರ 9ರಿಂದ 3ಕ್ಕೆ ಬಂದಿದೆ. ನಿಮ್ಮಲ್ಲಿ ಹೀಟರಿಗೋ ಕ್ಲೀನರಿಗೋ ದಿನವಿಡೀ ಜೋರು ನೀರು ಬೇಕಿದ್ದರೆ ಇಷ್ಟು ಉಳಿಯುವುದಿಲ್ಲ. ಬಟನ್ ಒತ್ತುವ ತಾಳ್ಮೆಯೇ ಇಲ್ಲ ಅನ್ನುವವರಿಗೆ ಎರಡು ಸ್ಪೀಡಿನದೇ ಒಳ್ಳೆಯದು. ನನಗೆ ಉಳಿದಿರುವ ತಕರಾರು ಒಂದೇ. ನಿಧಾನ ವೇಗದಲ್ಲಿ ಒಣ ಎಲೆ, ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಬಾಯಿಯವರೆಗೆ ಬರುತ್ತದೆ, ಅಲ್ಲೇ ಗಿರಗಿರ ತಿರುಗುತ್ತದೆ, ಒಳಗೆ ಹೋಗುವುದಿಲ್ಲ. ಆ 2,200ರ ಗಂಟೆಯನ್ನು ಗಾಳಿ ಬೀಸಿ ನಿಂತ ಮೇಲೆ, ಸಂಜೆಗೆ ಇಟ್ಟಿರುವುದು ಅದಕ್ಕೇ.